ಗದ್ದೆಯ ವಾಯುವಿನ ಅಳತೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಭೂಹಿಡುವಳಿದಾರರನ್ನೂ ಗ್ರಾಮದ ಮುಖ್ಯಸ್ಥರನ್ನೂ ಉದ್ದೇಶಿಸಿದ ಭಾಷಣ



ಅಕ್ಕಿಯನ್ನು ಅಳೆಯುವಾಗ ಸೇರಿನ ತಲೆಯನ್ನು ಗೋಪುರದಂತೆ ತುಂಬಿದರೋ, ಕೋಲೆಳೆದು ಸಮಮಾಡಿದರೋ ಎಂಬುದನ್ನು ನೋಡದೆ ಇರುವ ಗೃಹಸ್ಥನು ಈ ಸೀಮೆಯಲ್ಲಿ ಯಾವನೂ ಇಲ್ಲ. ಮುಡಿ ಕಟ್ಟುವ ಮೊದಲು ಅಳತೆಯ ಪಾತ್ರೆಯನ್ನು ಕೈಯಲ್ಲಿ ಹಿಡಿದು ನೋಡುವುದು ಹಿರಿಯರಿಂದ ಬಂದ ಪದ್ಧತಿ. ಆದರೆ ಈಗ ಅದೇ ಗದ್ದೆಯಿಂದ ಅಕ್ಕಿಯಲ್ಲದ ಇನ್ನೊಂದು ವಸ್ತುವನ್ನೂ ಅಳೆಯುತ್ತಿದ್ದಾರೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕುವುದಿಲ್ಲ, ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ಅದುವೇ ಕೆಸರಿನಲ್ಲಿ ಹುಟ್ಟುವ ವಾಯು. ಭತ್ತ ಬೆಳೆಯುವವನು ಲೋಕದ ಹವೆಯನ್ನು ಎಷ್ಟು ಕಾಯಿಸುತ್ತಾನೆಂಬ ಅಪವಾದವೂ, ಆ ವಾಯುವನ್ನು ಕಡಮೆಮಾಡಿದರೆ ಆತನಿಗೆ ಎಷ್ಟು ಹಣ ಸಲ್ಲತಕ್ಕದ್ದೆಂಬ ಒಪ್ಪಂದಗಳೂ ಈ ಅಳತೆಯನ್ನೇ ಆಧರಿಸಿವೆ. ಆದುದರಿಂದ ಅಕ್ಕಿಯ ಸೇರನ್ನು ಪರೀಕ್ಷಿಸುವಂತೆಯೇ ವಾಯುವಿನ ಸೇರನ್ನೂ ಪರೀಕ್ಷಿಸಲು ಕೃಷಿಕರು ಕಲಿಯುವುದು ಅವಶ್ಯವಾಗಿದೆ.

1. ಕೆಸರಿನಲ್ಲಿ ವಾಯು ಹುಟ್ಟುವ ಬಗೆ

ಗದ್ದೆಯಲ್ಲಿ ನೀರು ನಿಂತೊಡನೆ ಮಣ್ಣಿನೊಳಗೆ ಹೊರಗಿನ ಗಾಳಿಯ ಸಂಚಾರವು ನಿಂತುಹೋಗುತ್ತದೆ. ಮಣ್ಣಿನಲ್ಲಿದ್ದ ಆಮ್ಲಜನಕವು ಸ್ವಲ್ಪ ಕಾಲದಲ್ಲಿಯೇ ತೀರುತ್ತದೆ. ಅನಂತರ ಆಮ್ಲಜನಕವಿಲ್ಲದೆ ಬಾಳಬಲ್ಲ ಸೂಕ್ಷ್ಮಜೀವಿಗಳು ಹಳೆಯ ಕೂಳೆ, ಬೇರು, ಸೊಪ್ಪು, ಹಟ್ಟಿಗೊಬ್ಬರ ಇವುಗಳನ್ನು ಕೊಳೆಯಿಸಲು ತೊಡಗುತ್ತವೆ. ಹೀಗೆ ಕೊಳೆತಾಗ ಹುಟ್ಟುವ ವಾಯುಗಳಲ್ಲಿ ಮುಖ್ಯವಾದುದು ಮೀಥೇನ್. ಹಿಂದೆ ಇದಕ್ಕೆ ಜೌಗುವಾಯುವೆಂದು ಹೆಸರಿತ್ತು. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಮುಖ್ಯವಾಗಿ ಇದೇ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ತಗುಲಿದರೆ ಉರಿಯುತ್ತದೆ.

ಬೆಟ್ಟುಗದ್ದೆಯಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಈ ವಾಯುವಿನ ಉತ್ಪತ್ತಿಯು ಸ್ವಲ್ಪ. ಮಜಲುಗದ್ದೆಯಲ್ಲಿ ಅದಕ್ಕಿಂತ ಹೆಚ್ಚು. ತಿಂಗಳುಗಟ್ಟಲೆ ಕೆಸರು ಆರದ ಬೈಲುಗದ್ದೆಯಲ್ಲಿ, ಅದರಲ್ಲಿಯೂ ಹಸಿ ಸೊಪ್ಪನ್ನು ತುಳಿದ ಗದ್ದೆಯಲ್ಲಿ, ಇದು ಅತ್ಯಧಿಕ. ಒಂದೇ ಊರಿನ ಮೂರು ತರದ ಗದ್ದೆಗಳಲ್ಲಿ ಇಷ್ಟು ವ್ಯತ್ಯಾಸವಿರುವಾಗ, ಒಂದು ಗದ್ದೆಯ ಅಳತೆಯನ್ನು ಇಡೀ ಗ್ರಾಮಕ್ಕೆ ಹಚ್ಚುವುದು ಸರಿಯಲ್ಲವೆಂಬುದು ಸ್ಪಷ್ಟವಾಗಿದೆ.

2. ವಾಯುವನ್ನು ಪಾತ್ರೆಯಲ್ಲಿ ಹಿಡಿಯುವ ಕ್ರಮ

ಇಟಲಿ ದೇಶದ ವೋಲ್ಟಾ ಎಂಬ ಪಂಡಿತನು 1776ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಮಜೋರೆ ಎಂಬ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕದಡಿ, ಮೇಲಕ್ಕೆ ಬಂದ ಗುಳ್ಳೆಗಳನ್ನು ನೀರು ತುಂಬಿದ ಸೀಸೆಯೊಳಗೆ ಹಿಡಿದನು. ಈ ಕ್ರಮವನ್ನು ಯಾವ ಬೈಲುಗದ್ದೆಯಲ್ಲಾದರೂ ಮಾಡಿ ನೋಡಬಹುದು. ಅಗಲ ಬಾಯಿಯ ಗಾಜಿನ ಸೀಸೆಯೊಂದನ್ನು ನೀರಿನಿಂದ ಪೂರ್ತಿ ತುಂಬಿ, ಬಾಯನ್ನು ಅಂಗೈಯಿಂದ ಮುಚ್ಚಿ, ಗದ್ದೆಯ ನೀರಿನೊಳಗೆ ತಲೆಕೆಳಗಾಗಿ ಹಿಡಿಯಬೇಕು. ಬಾಯಿಗೆ ಒಂದು ಆಲಿಕೆಯನ್ನು ಇಟ್ಟು ಅದರ ಕೆಳಗಿನ ಕೆಸರನ್ನು ಕೋಲಿನಿಂದ ಚುಚ್ಚಿದರೆ, ಗುಳ್ಳೆಗಳು ಸೀಸೆಯೊಳಗೆ ಏರುತ್ತವೆ. ಅಷ್ಟೇ ಗಾತ್ರದ ನೀರು ಕೆಳಕ್ಕೆ ಇಳಿಯುತ್ತದೆ. ಹೊರಗಿನ ಗಾಳಿಯು ಒಂದು ಗುಳ್ಳೆಯಷ್ಟೂ ಒಳಗೆ ಸೇರಬಾರದು. ಈ ಕೆಲಸ ಮಾಡುವಾಗ ಬೀಡಿ, ದೀಪ, ಬೆಂಕಿಕಡ್ಡಿ ಯಾವುದೂ ಹತ್ತಿರವಿರತಕ್ಕದ್ದಲ್ಲ.

ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ವಾಯುವನ್ನು ಸಾಗಿಸುವುದೂ ಇದೇ ಬಗೆ. ನೀರನ್ನು ಮೇಲಿನಿಂದ ಕೆಳಕ್ಕೆ ಸುರಿದರೆ, ವಾಯುವನ್ನು ನೀರಿನೊಳಗೆ ಕೆಳಗಿನಿಂದ ಮೇಲಕ್ಕೆ ಸುರಿಯಬೇಕು. ನೀರು ತುಂಬಿದ ಎರಡನೆಯ ಸೀಸೆಯನ್ನು ನೀರಿನಲ್ಲಿಯೇ ಬೋರಲು ಹಿಡಿದು, ಅದರ ಬಾಯಿಯ ಕೆಳಗೆ ಮೊದಲನೆಯ ಸೀಸೆಯನ್ನು ಮೆಲ್ಲನೆ ಓರೆಮಾಡಿದರೆ, ವಾಯುವು ಗುಳ್ಳೆಗುಳ್ಳೆಯಾಗಿ ಮೇಲಿನ ಸೀಸೆಗೆ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಸೀಸೆಗೆ ಬದಲಾಗಿ ಗೆರೆ ಕೊರೆದ ಗಾಜಿನ ನಳಿಗೆಯನ್ನು ಉಪಯೋಗಿಸುತ್ತಾರೆ.

3. ಗಾತ್ರವನ್ನು ಓದುವಾಗ ಸಂಭವಿಸುವ ತಪ್ಪುಗಳು

ಅಕ್ಕಿಯ ಸೇರು ಬೆಳಿಗ್ಗೆಯೂ ಸೇರೇ, ಮಧ್ಯಾಹ್ನವೂ ಸೇರೇ. ವಾಯುವು ಹಾಗಲ್ಲ. ಅದರ ಗಾತ್ರವನ್ನು ಬದಲಾಯಿಸುವ ಅಥವಾ ಲೆಕ್ಕ ಕೆಡಿಸುವ ಕಾರಣಗಳು ನಾಲ್ಕು.

ಮೊದಲನೆಯದು ಉಷ್ಣತೆ. ವಾಯುವು ಸೊನ್ನೆ ಡಿಗ್ರಿಯಲ್ಲಿದ್ದ ತನ್ನ ಗಾತ್ರದ 273ರಲ್ಲಿ ಒಂದು ಪಾಲಿನಷ್ಟು ಪ್ರತಿ ಸೆಂಟಿಗ್ರೇಡ್ ಡಿಗ್ರಿಗೆ ಹಿಗ್ಗುತ್ತದೆ. ಸೊನ್ನೆ ಡಿಗ್ರಿಯಲ್ಲಿ 100 ಘನ ಸೆಂಟಿಮೀಟರು ಇದ್ದ ವಾಯುವು ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ 111 ಘನ ಸೆಂಟಿಮೀಟರು ಆಗುತ್ತದೆ. ತೂಕವು ಎಳ್ಳಷ್ಟೂ ಹೆಚ್ಚಿಲ್ಲ. ಗಾತ್ರ ಮಾತ್ರ ಹೆಚ್ಚಿದೆ.

ಎರಡನೆಯದು ಒತ್ತಡ. ನಳಿಗೆಯೊಳಗಿನ ನೀರಿನ ಮಟ್ಟವೂ ಹೊರಗಿನ ನೀರಿನ ಮಟ್ಟವೂ ಒಂದೇ ಆಗಿದ್ದರೆ ಮಾತ್ರ ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮ. ಒಳಗಿನ ನೀರು 13.6 ಸೆಂಟಿಮೀಟರು ಮೇಲಿದ್ದರೆ, ಒಳಗಿನ ಒತ್ತಡವು ಪಾದರಸದ ಒಂದು ಸೆಂಟಿಮೀಟರಿನಷ್ಟು, ಎಂದರೆ ಸಾಧಾರಣ ಗಾಳಿಯ ಒತ್ತಡದ 76ರಲ್ಲಿ ಒಂದು ಪಾಲು ಕಡಮೆ. ಅಷ್ಟಕ್ಕೆ ವಾಯುವು ಹಿಗ್ಗಿ ನಿಂತಿರುತ್ತದೆ. ಆದುದರಿಂದ ನಳಿಗೆಯನ್ನು ಏರಿಸಿ ಇಳಿಸಿ ಎರಡು ಮಟ್ಟಗಳನ್ನೂ ಸಮಮಾಡಿ, ಕಣ್ಣನ್ನು ಅದೇ ಮಟ್ಟಕ್ಕೆ ತಂದು, ನೀರಿನ ಬಾಗಿದ ಮೇಲ್ಮೈಯ ಅತ್ಯಂತ ಕೆಳಗಿನ ಭಾಗವು ಯಾವ ಗೆರೆಯಲ್ಲಿದೆ ಎಂಬುದನ್ನು ಓದಬೇಕು. ಇದೇ ವಾಯುವಿನ ಸೇರಿಗೆ ಕೋಲೆಳೆಯುವ ಕ್ರಮ.

ಮೂರನೆಯದು ನೀರಿನ ಆವಿ. ನೀರಿನ ಮೇಲೆ ಹಿಡಿದ ವಾಯುವಿನಲ್ಲಿ ಆವಿಯೂ ಬೆರೆತಿರುತ್ತದೆ. 30 ಡಿಗ್ರಿಯಲ್ಲಿ ಇದು ನೂರಕ್ಕೆ ಸುಮಾರು ನಾಲ್ಕು ಪಾಲು. ಇದನ್ನು ಕಳೆಯದಿದ್ದರೆ ಆವಿಯನ್ನೇ ಗದ್ದೆಯ ವಾಯುವೆಂದು ಬರೆದಂತಾಗುತ್ತದೆ.

ನಾಲ್ಕನೆಯದು ಕರಗುವಿಕೆ. ಇಂಗಾಲಾಮ್ಲ ವಾಯುವನ್ನು ನೀರು ತನ್ನ ಗಾತ್ರದ ಅರ್ಧಕ್ಕಿಂತಲೂ ಹೆಚ್ಚು ಕುಡಿದುಬಿಡಬಲ್ಲದು. ಮೀಥೇನ್ ಹೆಚ್ಚು ಕರಗುವುದಿಲ್ಲ. ನೂರು ಪಾಲು ನೀರಿಗೆ ಸುಮಾರು ಮೂರು ಪಾಲು ಮಾತ್ರ. ನೀರಿನ ಮೇಲೆ ಹಿಡಿದಿಟ್ಟು ಮರುದಿನ ಅಳೆದರೆ ಮಿಶ್ರಣದ ಪ್ರಮಾಣವೇ ಕೆಟ್ಟಿರುತ್ತದೆ. ಅದಕ್ಕಾಗಿ ಹಿಂದಿನ ರಸಾಯನಶಾಸ್ತ್ರಜ್ಞರು ನೀರಿಗೆ ಬದಲಾಗಿ ಪಾದರಸವನ್ನು ಉಪಯೋಗಿಸುತ್ತಿದ್ದರು. ಪಾದರಸದ ಆವಿಯು ವಿಷವಾದುದರಿಂದ ಅದು ಪ್ರಯೋಗಶಾಲೆಯ ಹೊರಗೆ ಬರತಕ್ಕ ವಸ್ತುವಲ್ಲ.

4. ಕೊಯಮತ್ತೂರಿನ ಪರಿಶೋಧನೆ

ಕುಂದಾಪುರ ತಾಲ್ಲೂಕು ಮದರಾಸು ಅಧಿಪತ್ಯದಲ್ಲಿದ್ದ ಕಾಲದಲ್ಲಿ, ಆ ಸರಕಾರದ ಕೊಯಮತ್ತೂರು ಕೃಷಿ ಪ್ರಯೋಗಶಾಲೆಯಲ್ಲಿ ಡಬ್ಲ್ಯೂ. ಎಚ್. ಹ್ಯಾರಿಸನ್ ಎಂಬವರೂ ಪಿ. ಎ. ಸುಬ್ರಹ್ಮಣ್ಯ ಅಯ್ಯರ್ ಎಂಬವರೂ ಗದ್ದೆಯ ವಾಯುಗಳನ್ನು ಹಿಡಿದು ಅಳೆದರು. ಅವರ ಮೊದಲನೆಯ ವರದಿಯು 1913ರಲ್ಲಿಯೂ ಎರಡನೆಯದು 1914ರಲ್ಲಿಯೂ ಪ್ರಕಟವಾದುವು.

ಮಿಶ್ರವಾದ ವಾಯುವನ್ನು ಬೇರ್ಪಡಿಸಿ ಅಳೆಯಲು ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ತಿಳಿದಿದ್ದ ಕ್ರಮವು ಒಂದು ಮೊತ್ತದಿಂದ ಒಬ್ಬೊಬ್ಬರ ಪಾಲನ್ನು ಕಳೆಯುತ್ತ ಬರುವಂತಹದು. ಅಳೆದ ವಾಯುವನ್ನು ಮೊದಲು ದಾಹಕ ಪೊಟ್ಯಾಷ್ ದ್ರಾವಣಕ್ಕೆ ಸಾಗಿಸಿದರೆ, ಇಂಗಾಲಾಮ್ಲ ವಾಯುವನ್ನು ಅದು ಹೀರುತ್ತದೆ. ಕಡಮೆಯಾದ ಗಾತ್ರವೇ ಅದರ ಪಾಲು. ಆ ಬಳಿಕ ಪೈರೊಗ್ಯಾಲಾಲ್ ಬೆರೆಸಿದ ಕ್ಷಾರದ್ರಾವಣವು ಆಮ್ಲಜನಕವನ್ನು ಹೀರುತ್ತದೆ. ಉಳಿದುದಕ್ಕೆ ಅಳೆದ ಆಮ್ಲಜನಕವನ್ನು ಸೇರಿಸಿ ವಿದ್ಯುತ್ತಿನ ಕಿಡಿಯಿಂದ ಉರಿಸುತ್ತಾರೆ. ಒಂದು ಪಾಲು ಮೀಥೇನ್ ಎರಡು ಪಾಲು ಆಮ್ಲಜನಕದೊಡನೆ ಉರಿದು ಒಂದು ಪಾಲು ಇಂಗಾಲಾಮ್ಲ ವಾಯುವಾಗುತ್ತದೆ. ಜೊತೆಗೆ ಹುಟ್ಟಿದ ನೀರು ಹನಿಯಾಗಿ ನಿಲ್ಲುತ್ತದೆ. ಗಾತ್ರವು ಎಷ್ಟು ಕುಗ್ಗಿತು, ಇಂಗಾಲಾಮ್ಲ ವಾಯು ಎಷ್ಟು ಹುಟ್ಟಿತು ಎಂಬೆರಡು ಅಂಕಗಳಿಂದ ಮೀಥೇನೂ ಜಲಜನಕವೂ ಎಷ್ಟೆಷ್ಟಿದ್ದುವೆಂದು ಲೆಕ್ಕ ಸಿಕ್ಕುತ್ತದೆ. ಕೊನೆಗೆ ಯಾವುದಕ್ಕೂ ಜಗ್ಗದೆ ಉಳಿದುದು ಸಾರಜನಕ. ಪ್ರತಿಯೊಂದು ಸಾಗಣೆಯಲ್ಲಿಯೂ ಒಂದು ಗುಳ್ಳೆ ಸೋರಿದರೆ, ಆ ತಪ್ಪು ಮುಂದಿನ ಎಲ್ಲ ಪಾಲುಗಳಿಗೂ ಅಂಟಿಕೊಳ್ಳುತ್ತದೆ.

ಈ ತಾಳ್ಮೆಯ ಅಳತೆಯಿಂದ ತಿಳಿದುಬಂದುದೇನೆಂದರೆ: ಜೌಗುಗದ್ದೆಯ ಮಣ್ಣಿನ ವಾಯುವಿನಲ್ಲಿ ಮುಖ್ಯವಾದುವು ಮೀಥೇನ್ ಮತ್ತು ಸಾರಜನಕ, ಇಂಗಾಲಾಮ್ಲ ವಾಯುವೂ ಜಲಜನಕವೂ ಸ್ವಲ್ಪ. ಪೈರಿರುವ ಗದ್ದೆಗೂ ಪೈರಿಲ್ಲದ ಗದ್ದೆಗೂ ಈ ಪ್ರಮಾಣದಲ್ಲಿ ಭೇದವುಂಟು. ಅಲ್ಲದೆ ಮಣ್ಣಿನ ಮೇಲ್ಮೈಯಲ್ಲಿ ಪಾಚಿಯೂ ಸೂಕ್ಷ್ಮಜೀವಿಗಳೂ ಸೇರಿದ ತೆಳ್ಳನೆಯ ಪೊರೆಯೊಂದು ಮೇಲೇರುವ ಮೀಥೇನನ್ನು ಆಮ್ಲಜನಕದೊಡನೆ ಸೇರಿಸಿ ಇಂಗಾಲಾಮ್ಲ ವಾಯುವನ್ನಾಗಿ ಮಾಡುತ್ತದೆ; ಪಾಚಿಯು ಅದನ್ನು ಸೇವಿಸಿ ಆಮ್ಲಜನಕವನ್ನು ಬಿಡುತ್ತದೆ. ನಿಂತ ನೀರಿನಲ್ಲಿ ಭತ್ತದ ಬೇರಿಗೆ ಉಸಿರು ಹೇಗೆ ಸಿಕ್ಕುವುದೆಂಬ ಪ್ರಶ್ನೆಗೆ ಇದು ಉತ್ತರದ ಒಂದು ಭಾಗವನ್ನು ಒದಗಿಸಿತು.

5. ಈಗಿನ ಕ್ರಮ

ಮಣ್ಣಿನೊಳಗೆ ಏನಿದೆ ಎಂಬುದಲ್ಲದೆ, ಗದ್ದೆಯಿಂದ ಗಂಟೆಗೆ ಎಷ್ಟು ಮೀಥೇನ್ ಮೇಲಕ್ಕೆ ಹೋಗುತ್ತದೆ ಎಂಬುದು ಈಗಿನ ಪ್ರಶ್ನೆ. ಇದಕ್ಕಾಗಿ ತಳವಿಲ್ಲದ ಪಾರದರ್ಶಕ ಪೆಟ್ಟಿಗೆಯೊಂದನ್ನು ಪೈರಿನ ಮೇಲೆಯೇ ಮುಚ್ಚುತ್ತಾರೆ. ಪೈರನ್ನು ಬಿಟ್ಟು ಸಾಲುಗಳ ನಡುವೆ ಮುಚ್ಚಬಾರದು. ಏಕೆಂದರೆ ಬೆಳೆದ ಪೈರಿನ ಗದ್ದೆಯಲ್ಲಿ ವಾಯುವಿನ ಬಹುಭಾಗವು ಗುಳ್ಳೆಯಾಗಿ ಬರದೆ, ಬೇರಿನಿಂದ ಕಾಂಡದ ಟೊಳ್ಳು ದಾರಿಗಳ ಮೂಲಕ ಹೊರಬೀಳುತ್ತದೆ.

ಪೆಟ್ಟಿಗೆ ಕೂರುವ ಚೌಕಟ್ಟನ್ನು ಮುಂಚಿತವಾಗಿಯೇ ಕೆಸರಿನಲ್ಲಿ ಊರಿರಬೇಕು. ಚೌಕಟ್ಟಿನ ಕಾಲುವೆಯಲ್ಲಿ ನೀರು ನಿಲ್ಲಿಸಿದರೆ ಗಾಳಿ ನುಸುಳುವುದಿಲ್ಲ. ಅಳೆಯುವವನು ಗದ್ದೆಯ ಅಂಚಿನಿಂದ ಹಾಕಿದ ಹಲಗೆಯ ಮೇಲೆ ನಿಲ್ಲಬೇಕಲ್ಲದೆ ಕೆಸರಿಗೆ ಇಳಿಯಬಾರದು. ಒಂದು ಹೆಜ್ಜೆ ತುಳಿದರೆ ಹೊತ್ತಲ್ಲದ ಹೊತ್ತಿನಲ್ಲಿ ಗುಳ್ಳೆಗಳೆದ್ದು ಲೆಕ್ಕವು ಸುಳ್ಳಾಗುತ್ತದೆ. ಪೆಟ್ಟಿಗೆಯೊಳಗೆ ಚಿಕ್ಕ ಫ್ಯಾನೊಂದು ಗಾಳಿಯನ್ನು ಕಲಸುತ್ತದೆ. ಮುಚ್ಚಿದ ಕ್ಷಣದಲ್ಲಿ ಒಂದು ಸಲ, ಕಾಲು ಗಂಟೆಗೆ ಒಂದು ಸಲ, ಅರ್ಧ ಗಂಟೆಗೆ ಒಂದು ಸಲ, ಹೀಗೆ ಮೂರು ಬಾರಿ ಸೋರದ ಪಿಚಕಾರಿಯಿಂದ ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತಾರೆ.

ಈ ಪಿಚಕಾರಿಯ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮ. ಸೂಜಿಯಲ್ಲಿಯೂ ತಿರುಪಿನಲ್ಲಿಯೂ ಹಳೆಯ ಗಾಳಿ ಉಳಿದಿರುತ್ತದೆ. ಆದಕಾರಣ ಎರಡು ಮೂರು ಸಲ ಎಳೆದು ಬಿಟ್ಟು ತೊಳೆದ ಮೇಲೆಯೇ ಮಾದರಿಯನ್ನು ತೆಗೆಯಬೇಕು. ಮಾದರಿಯನ್ನು ಮುಚ್ಚಳ ಹಾಕಿದ ಬರಿದಾದ ಸೀಸೆಗೆ ಸಾಗಿಸುವಾಗ ಹೊರಗಿನ ಗಾಳಿಗಿಂತ ತುಸು ಹೆಚ್ಚಿನ ಒತ್ತಡಕ್ಕೆ ತುಂಬಬೇಕು. ಹಾಗೆ ಮಾಡಿದರೆ ಸಣ್ಣ ಸೋರಿಕೆಯಿದ್ದರೂ ಒಳಗಿನದು ಹೊರಗೆ ಹೋಗುವುದೇ ಹೊರತು ಹೊರಗಿನದು ಒಳಗೆ ಬೆರೆಯುವುದಿಲ್ಲ.

ಪ್ರಯೋಗಶಾಲೆಯಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರವಿದೆ. ಅದರ ಬಾಗಿಲಲ್ಲಿ ನಿಶ್ಚಿತವಾದ ಗಾತ್ರವುಳ್ಳ ಸಣ್ಣ ಸುರುಳಿ ನಳಿಗೆಯೊಂದು ಸೇರಿನ ಕೆಲಸ ಮಾಡುತ್ತದೆ. ಮಾದರಿಯು ಅದರಲ್ಲಿ ತುಂಬಿ, ಒತ್ತಡವು ಹೊರಗಿನ ಗಾಳಿಗೆ ಸಮವಾದ ಮೇಲೆ, ತಿರುಪನ್ನು ತಿರುಗಿಸಿದರೆ ಪ್ರತಿ ಸಲವೂ ಅಷ್ಟೇ ಪ್ರಮಾಣವು ಒಳಕ್ಕೆ ಹೋಗುತ್ತದೆ. ಉದ್ದವಾದ ನಳಿಗೆಯಲ್ಲಿ ವಾಯುಗಳು ಒಂದರ ಹಿಂದೆ ಒಂದಾಗಿ ಬೇರ್ಪಟ್ಟು, ಮೀಥೇನ್ ಸಣ್ಣ ಜ್ವಾಲೆಯಲ್ಲಿ ಉರಿಯುವಾಗ ಅದರ ಪ್ರಮಾಣವು ದಾಖಲಾಗುತ್ತದೆ. ಪ್ರಮಾಣವು ಮೊದಲೇ ತಿಳಿದಿರುವ ವಾಯುವನ್ನು ಮಧ್ಯೆ ಮಧ್ಯೆ ಹಾಯಿಸಿ ಯಂತ್ರವನ್ನು ಒರೆಗೆ ಹಚ್ಚುತ್ತಿರಬೇಕು. ಇದು ಮುದ್ರೆ ಒತ್ತಿದ ಬಟ್ಟನ್ನು ತಕ್ಕಡಿಗಿಟ್ಟು ನೋಡಿದಂತೆ.

6. ಒಂದು ಲೆಕ್ಕ

ಕಲಿಕೆಗಾಗಿ ಒಂದು ಉದಾಹರಣೆಯನ್ನು ನೋಡಬಹುದು. ಪೆಟ್ಟಿಗೆಯೊಳಗಿನ ಗಾಳಿಯ ಎತ್ತರ ಒಂದು ಮೀಟರು ಇರಲಿ. ಆಗ ಒಂದು ಚದರ ಮೀಟರು ಗದ್ದೆಯ ಮೇಲೆ ಹತ್ತು ಲಕ್ಷ ಘನ ಸೆಂಟಿಮೀಟರು ಗಾಳಿ ಇರುತ್ತದೆ. ಮೀಥೇನ್ ಮೊದಲು ಹತ್ತು ಲಕ್ಷಕ್ಕೆ 2 ಪಾಲು ಇದ್ದುದು ಅರ್ಧ ಗಂಟೆಯಲ್ಲಿ 6 ಪಾಲಾದರೆ, ಹೆಚ್ಚಿದುದು 4 ಘನ ಸೆಂಟಿಮೀಟರು, ಗಂಟೆಗೆ 8. ಮೂವತ್ತು ಡಿಗ್ರಿಯಲ್ಲಿ ಒಂದು ಘನ ಸೆಂಟಿಮೀಟರು ಮೀಥೇನಿನ ತೂಕ 0.643 ಮಿಲಿಗ್ರಾಮು. ಆದುದರಿಂದ ಗಂಟೆಗೆ ಸುಮಾರು 5.1 ಮಿಲಿಗ್ರಾಮು. ದಿನವಿಡೀ ಹೀಗೆಯೇ ಇದ್ದರೆ ಎಕರೆಗೆ ದಿನಕ್ಕೆ ಅರ್ಧ ಕಿಲೋ; ನೂರು ದಿನದ ಬೆಳೆಗೆ 50 ಕಿಲೋ.

ಅಳೆಯುವವನು ಉಷ್ಣತೆಯನ್ನು ಮರೆತು ಸೊನ್ನೆ ಡಿಗ್ರಿಯ ತೂಕವಾದ 0.714 ಮಿಲಿಗ್ರಾಮನ್ನು ಹಿಡಿದರೆ, ಅದೇ ಗದ್ದೆಯ ಲೆಕ್ಕವು 55 ಕಿಲೋವನ್ನು ಮೀರುತ್ತದೆ. ಒಂದು ಮೀಟರು ಎತ್ತರದ ಪೆಟ್ಟಿಗೆಯಲ್ಲಿ 10 ಸೆಂಟಿಮೀಟರು ಗದ್ದೆಯ ನೀರೇ ತುಂಬಿದ್ದು, ಅದನ್ನು ಕಳೆಯದೆ ಪೂರ್ಣ ಎತ್ತರವನ್ನು ಹಿಡಿದರೆ ಮತ್ತೆ ಒಂಬತ್ತಕ್ಕೆ ಒಂದು ಪಾಲು ಹೆಚ್ಚಾಗುತ್ತದೆ. ಇಪ್ಪತ್ತು ಘನ ಸೆಂಟಿಮೀಟರಿನ ಪಿಚಕಾರಿಯಲ್ಲಿ ಒಂದು ಘನ ಸೆಂಟಿಮೀಟರು ಹೊರಗಿನ ಗಾಳಿ ಉಳಿದಿದ್ದರೆ, 6 ಎಂಬುದು 5.8 ಆಗಿ ನೂರಕ್ಕೆ ಐದು ಕಡಮೆಯಾಗುತ್ತದೆ. ಗದ್ದೆಯೂ ಅದೇ, ಪೈರೂ ಅದೇ. ಅಳೆಯುವವನ ಅಜಾಗರೂಕತೆಯೊಂದೇ ಬೇರೆ.

7. ಅಳತೆಯಿಂದ ತಪ್ಪಿದ ಅಪವಾದ

ಸುಮಾರು 1990ರಲ್ಲಿ ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಮೂರೂವರೆ ಕೋಟಿ ಟನ್ನಿಗೆ ಮೇಲ್ಪಟ್ಟು ಮೀಥೇನ್ ಬಿಡುತ್ತವೆಂಬ ಅಂದಾಜು ಅಮೆರಿಕದಿಂದ ಪ್ರಕಟವಾಯಿತು. ಅದು ಈ ದೇಶದ ಗದ್ದೆಗಳಲ್ಲಿ ಅಳೆದ ಅಂಕವಾಗಿರಲಿಲ್ಲ. ಅಮೆರಿಕ ಮತ್ತು ಯೂರೋಪಿನ ಗದ್ದೆಗಳ ಅಂಕಗಳನ್ನು ಇಲ್ಲಿನ ವಿಸ್ತೀರ್ಣಕ್ಕೆ ಗುಣಿಸಿದುದಾಗಿತ್ತು. ಆಗ ದೆಹಲಿಯ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಶಾಲೆಯವರು ಎ. ಪಿ. ಮಿತ್ರಾ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಲ್ಲಿ ಪೆಟ್ಟಿಗೆ ಇಟ್ಟು ಅಳೆಯಿಸಿದರು. ನೀರು ಸದಾ ನಿಲ್ಲುವ ಗದ್ದೆ, ನಡುನಡುವೆ ಆರುವ ಗದ್ದೆ, ಮಳೆಯಾಶ್ರಯದ ಗದ್ದೆ ಇವುಗಳನ್ನು ಬೇರೆ ಬೇರೆಯಾಗಿ ಲೆಕ್ಕಹಾಕಿದಾಗ ಒಟ್ಟು ಮೊತ್ತವು ಸುಮಾರು 40 ಲಕ್ಷ ಟನ್ನು ಮಾತ್ರವೆಂದು ಕಂಡಿತು. ಎಂದರೆ ಒಂಬತ್ತರಲ್ಲಿ ಒಂದು ಪಾಲಿನಷ್ಟು. ಒಂದು ಪಿಚಕಾರಿ ಗಾಳಿಯನ್ನು ಸರಿಯಾಗಿ ಸಾಗಿಸಿ ಅಳೆದುದರಿಂದ ಕೋಟ್ಯಂತರ ಕೃಷಿಕರ ಮೇಲಿನ ಅಪವಾದದ ಬಹುಭಾಗವು ತೊಲಗಿತು.

8. ಈ ಸೀಮೆಯ ಕೃಷಿಕರು ಗಮನಿಸತಕ್ಕ ಅಂಶಗಳು

ಗದ್ದೆಯ ನೀರನ್ನು ನಡುನಡುವೆ ಆರಗೊಡುವುದರಿಂದ ಮೀಥೇನ್ ಬಹಳವಾಗಿ, ಅನೇಕ ಕಡೆಗಳಲ್ಲಿ ಸುಮಾರು ಅರ್ಧದಷ್ಟು, ಇಳಿಯುತ್ತದೆಂದು ತಿಳಿದುಬಂದಿದೆ. ಇದರ ಕ್ರಮವು ಸುಲಭ. ರಂಧ್ರಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಊರಿ, ಒಳಗಿನ ಮಣ್ಣನ್ನು ತೆಗೆದು, ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರು ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟುವುದು. ನೆಟ್ಟ ಮೊದಲ ಎರಡು ವಾರಗಳಲ್ಲಿಯೂ ಹೂ ಬಿಡುವ ಕಾಲದಲ್ಲಿಯೂ ನೀರು ಆರಗೊಡತಕ್ಕದ್ದಲ್ಲ.

ಆದರೆ ಮುಂಗಾರಿನ ಕಾರ್ತಿ ಬೆಳೆಯಲ್ಲಿ ಬೈಲುಗದ್ದೆಯನ್ನು ಆರಿಸುವುದು ಮಳೆರಾಯನ ಕೈಯಲ್ಲಿದೆಯೇ ಹೊರತು ಒಕ್ಕಲಿಗನ ಕೈಯಲ್ಲಿ ಇಲ್ಲ. ಕಟ್ಟದ ನೀರಿನಿಂದ ಬೆಳೆಯುವ ಸುಗ್ಗಿ ಮತ್ತು ಕೊಳಕೆ ಬೆಳೆಗಳಲ್ಲಿ ಮಾತ್ರ ಇದನ್ನು ಮಾಡಬಹುದು. ಹೊಳೆಯ ಬಾಯಿಗೆ ಸಮೀಪವಾಗಿ ಉಪ್ಪುನೀರು ನುಗ್ಗುವ ಗದ್ದೆಗಳನ್ನು ಆರಿಸಿದರೆ ಉಪ್ಪು ಮೇಲಕ್ಕೇರುವ ಭಯವಿದೆ. ಎಲ್ಲ ಗದ್ದೆಗಳಲ್ಲಿಯೂ ಮಾಡಬಹುದಾದುದು ಒಂದುಂಟು: ಹಸಿ ಸೊಪ್ಪನ್ನು ನಿಂತ ನೀರಿಗೆ ಹಾಕದೆ, ಹಟ್ಟಿಯಲ್ಲಿಯೋ ಗುಂಡಿಯಲ್ಲಿಯೋ ಚೆನ್ನಾಗಿ ಕಳಿಯಿಸಿ ಹಾಕುವುದು. ಸಂದೇಹವಿದ್ದವರು ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ಮೀಥೇನ್ ಕಡಮೆಮಾಡಿದುದಕ್ಕೆ ಹಣ ಕೊಡುವೆವೆಂದು ಯಾರಾದರೂ ಒಪ್ಪಂದ ತಂದರೆ, ರುಜು ಹಾಕುವ ಮೊದಲು ಗ್ರಾಮದ ಮುಖ್ಯಸ್ಥರು ಈ ಐದು ಪ್ರಶ್ನೆಗಳನ್ನು ಕೇಳತಕ್ಕದ್ದು.

ಒಂದು: ಅಂಕವು ಈ ಊರಿನ ಗದ್ದೆಯಲ್ಲಿ ಅಳೆದುದೇ, ಪಟ್ಟಿಯಿಂದ ತೆಗೆದುದೇ? ಬೈಲು, ಮಜಲು, ಬೆಟ್ಟುಗಳನ್ನು ಬೇರೆ ಬೇರೆಯಾಗಿ ಅಳೆದಿದ್ದಾರೆಯೇ?

ಎರಡು: ಬೆಳೆಯ ಕಾಲದಲ್ಲಿ ಎಷ್ಟು ದಿನ, ದಿನದ ಯಾವ ಹೊತ್ತಿನಲ್ಲಿ ಅಳೆದಿದ್ದಾರೆ?

ಮೂರು: ಪ್ರತಿ ಸಲವೂ ಉಷ್ಣತೆಯನ್ನೂ ಗದ್ದೆಯ ನೀರಿನ ಆಳವನ್ನೂ ಬರೆದಿಟ್ಟಿದ್ದಾರೆಯೇ? ಯಂತ್ರವನ್ನು ಪ್ರಮಾಣದ ವಾಯುವಿನಿಂದ ಒರೆಗೆ ಹಚ್ಚಿದ್ದಾರೆಯೇ?

ನಾಲ್ಕು: ಗದ್ದೆ ಆರಿದಾಗ ಸಾರಜನಕದ ಗೊಬ್ಬರದಿಂದ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ವಾಯುವು ಹೆಚ್ಚಬಹುದು. ತೂಕಕ್ಕೆ ತೂಕ ಹಿಡಿದರೆ ನೂರು ವರ್ಷಗಳಲ್ಲಿ ಮೀಥೇನ್ ಇಂಗಾಲಾಮ್ಲ ವಾಯುವಿಗಿಂತ ಸುಮಾರು 28 ಪಾಲು ಕಾಯಿಸಿದರೆ, ಇದು ಸುಮಾರು 270 ಪಾಲು ಕಾಯಿಸುತ್ತದೆ. ಇದನ್ನೂ ಅಳೆದಿದ್ದಾರೆಯೇ?

ಐದು: ಅಳತೆಯ ದಾಖಲೆಯ ಒಂದು ಪ್ರತಿಯು ಗ್ರಾಮದಲ್ಲಿ ಉಳಿಯುವುದೇ? ಮಳೆಯಿಂದ ಗದ್ದೆ ಆರದೆಹೋದರೆ ನಷ್ಟವು ಯಾರದು?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವವರ ಪೆಟ್ಟಿಗೆಗೆ ಗದ್ದೆಯಲ್ಲಿ ಸ್ಥಳ ಕೊಡುವುದು, ಹಲಗೆ ಹಾಕಿ ಸಹಾಯಮಾಡುವುದು, ದನಕರು ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು ಊರಿಗೆ ಹಿತ. ಉತ್ತರ ಕೊಡಲಾರದವರ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು, ಅಳೆಯದ ಅಕ್ಕಿಗೆ ಮುಡಿ ಕಟ್ಟಿ ಕೊಟ್ಟಂತೆ. ಸೇರು ಯಾರದಾದರೂ ಆಗಿರಲಿ, ಕೋಲೆಳೆಯುವಾಗ ಗದ್ದೆಯ ಯಜಮಾನನ ಕಣ್ಣು ಅದರ ಮೇಲೆ ಇರತಕ್ಕದ್ದು.